ಮಾನಿಟರಿನ ನೆತ್ತಿಗಣ್ಣು

ಲಕ್ಷ ರೂಪಾಯಿ ದಾಟಿದ ಮಾನಿಟರಿನೊಳಗೆ ಕ್ಯಾಮೆರಾ ಇರಬೇಕೇ? ಇದ್ದರೆ ಅದನ್ನು ನಡೆಸುವ ಸಾಫ್ಟ್‌ವೇರಿಗೆ ಎಷ್ಟು ವರ್ಷ ಯಾರು ಹೊಣೆ? ಮೂಡುಬಿದಿರೆ ಹತ್ತಿರದ ಪುತ್ತಿಗೆಯ ಒಂದು ಹಂಚಿನ ಮನೆಯಲ್ಲಿ ಈ ಪ್ರಶ್ನೆ ಎದ್ದದ್ದಕ್ಕೆ ಕಾರಣವಿತ್ತು. ಅಳಿಯ ಬೆಂಗಳೂರಿನ ಕಂಪನಿಯೊಂದರಲ್ಲಿ ಡಿಸೈನರ್. ಕೊರೋನಾ ಕಾಲದಲ್ಲಿ ಊರಿಗೆ ಬಂದವನು ಇಲ್ಲಿಂದಲೇ ಕೆಲಸ ಮುಂದುವರಿಸಿದ್ದಾನೆ. ಅವನಿಗೆ ಕಳುಹಿಸಿಕೊಟ್ಟ ದುಬಾರಿ ಮಾನಿಟರನ್ನೇ ತಂಡದ ಉಳಿದವರಿಗೂ ಕೊಳ್ಳಬಹುದೇ ಎಂದು ಕಂಪನಿ ಅಭಿಪ್ರಾಯ ಕೇಳಿದೆ. ಉತ್ತರ ಸಂಜೆಯೊಳಗೆ ಹೋಗಬೇಕು. ಮಾವ ಮೂಡುಬಿದಿರೆ ಪೇಟೆಯಲ್ಲಿ ಟಿವಿ ರಿಪೇರಿ ಅಂಗಡಿ ನಡೆಸಿದವರು. ಪಿಕ್ಚರ್ ಟ್ಯೂಬಿನ ಕಾಲದಿಂದ ಎಲ್‌ಇಡಿ ಟಿವಿಯವರೆಗೆ ಬಿಚ್ಚಿ ನೋಡಿದ ಕೈ ಅವರದು.

ಚೌಟ ಅರಸರು ಮೂಡುಬಿದಿರೆಗೆ ಹೋಗುವ ಮೊದಲು ರಾಜಧಾನಿಯಾಗಿದ್ದ ಊರು ಪುತ್ತಿಗೆ. ಈಗ ಇಲ್ಲಿಗೂ ಫೈಬರ್ ಇಂಟರ್ನೆಟ್ ಬಂದಿದೆ, ಚಾವಡಿಯಲ್ಲಿ ಕುಳಿತು ಬೆಂಗಳೂರಿನ ಮೀಟಿಂಗಿಗೆ ಹಾಜರಾಗಬಹುದು. ತುಲಾ ತಿಂಗಳ ಮಧ್ಯಾಹ್ನ. ಮೋಡ ಕಟ್ಟುತ್ತಿತ್ತು.

ಮಾವ: ಬರೆದಾಯಿತಾ ಮಾರಾಯ?

ಅಳಿಯ: ಒಂದು ಸಾಲಿಗೇ ನಿಂತಿದೆ ಮಾವ. ಚಿತ್ರ ಬಹಳ ಒಳ್ಳೆಯದುಂಟು, ಅಕ್ಷರ ಅಚ್ಚಾದ ಹಾಗೆ ಕಾಣುತ್ತದೆ ಎಂದು ಬರೆದೆ. ಕ್ಯಾಮೆರಾ ವಿಷಯಕ್ಕೆ ಬಂದಾಗ ಕೈ ಓಡುವುದಿಲ್ಲ. ನಿನ್ನೆ ಮೀಟಿಂಗಿನಲ್ಲಿ ಗಡ್ಡದ ಕೂದಲು, ಹಣೆಯ ಗೆರೆ ಎಲ್ಲ ಒರೆಸಿ ಹೋಗಿ ಮುಖ ಬರೀ ನುಣ್ಣಗೆ ಕಾಣುತ್ತಿತ್ತು. ಎದುರಿಗಿದ್ದವರು ನೆಟ್‌ವರ್ಕ್ ಸಮಸ್ಯೆಯಾ ಎಂದು ಕೇಳಿದರು. ನೆಟ್‌ವರ್ಕ್ ಸರಿಯಾಗಿಯೇ ಇತ್ತು.

ಮಾವ: ಕ್ಯಾಮೆರಾ ಹಾಳಾಗಿರಬೇಕು.

ಅಳಿಯ: ಹಾಳಾದದ್ದಲ್ಲ, ಅದು ಇರುವುದೇ ಹಾಗೆ. ಇನ್ನೊಂದು ತಾಪತ್ರಯ ಉಂಟು. ನಾನು ಅಲುಗಾಡಿದರೆ ಚಿತ್ರವೂ ನನ್ನ ಹಿಂದೆ ಬರುತ್ತದೆ. ಅದನ್ನು ನಿಲ್ಲಿಸುವ ಗುಂಡಿ ಮಾನಿಟರಿನಲ್ಲಿ ಇಲ್ಲ, ಮಾನಿಟರ್ ಮಾಡಿದವರ ಆ್ಯಪ್ ಹಾಕಬೇಕು. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಹೊರಗಿನ ಆ್ಯಪ್ ಹಾಕಲಿಕ್ಕೆ ಐಟಿಯವರು ಬಿಡುವುದಿಲ್ಲ. ನನ್ನ ಸ್ವಂತ ಲ್ಯಾಪ್‌ಟಾಪ್ ಜೋಡಿಸಿ, ಅಲ್ಲಿಂದ ಆಫ್ ಮಾಡಿ, ಮತ್ತೆ ಆಫೀಸಿನದ್ದು ಜೋಡಿಸುತ್ತೇನೆ. ಕರೆಂಟು ಹೋಗಿ ಬಂದರೆ ಎಲ್ಲ ಮರೆತು ಮೊದಲಿನ ಹಾಗೆ ಆಗುತ್ತದೆ.

ಮಾವ: ನಮ್ಮಲ್ಲಿ ಕರೆಂಟು ಹೋಗದ ದಿನ ಉಂಟಾ?

ನೋಡಿಯೇ ಬಿಡುವ ಎಂದು ಮಾವ ಎದ್ದರು. ಅಳಿಯ ಕ್ಯಾಮೆರಾ ಹಾಕಿದ; ಪರದೆಯಲ್ಲಿ ಅವನ ಮುಖ, ಹೆಗಲು. ಮಾವ ಕುರ್ಚಿಯ ಹಿಂದಿನಿಂದ ಅಡ್ಡ ಹೋದರು. ಚಿತ್ರ ಒಂದು ಕ್ಷಣ ತಡೆದು ಹಿಂದೆ ಸರಿಯಿತು. ಅಳಿಯನ ಮುಖ ಚಿಕ್ಕದಾಯಿತು. ಮಾವ, ಗೋಡೆಯ ಕ್ಯಾಲೆಂಡರ್, ಮೂಲೆಯಲ್ಲಿ ಪೇರಿಸಿದ್ದ ಅಡಿಕೆ ಗೋಣಿ ಎಲ್ಲ ಒಳಗೆ ಬಂದವು. ಮಾವ ಅಡುಗೆಮನೆಯ ಬಾಗಿಲಿಗೆ ಸರಿದ ಮೇಲೂ ಚೌಕಟ್ಟು ಸ್ವಲ್ಪ ಹೊತ್ತು ಅವರಿದ್ದ ಜಾಗವನ್ನೇ ಹಿಡಿದುಕೊಂಡಿತ್ತು. ಆಮೇಲೆ ನಿಧಾನಕ್ಕೆ ಅಳಿಯನ ಮುಖಕ್ಕೆ ಬಂತು.

ಮಾವ: ಕ್ಯಾಮೆರಾ ತಿರುಗಲೇ ಇಲ್ಲವಲ್ಲ. ಮೋಟರು ಇಲ್ಲವಾ?

ಅಳಿಯ: ಇಲ್ಲ ಮಾವ. ಲೆನ್ಸು ಕೋಣೆಯ ಅರ್ಧವನ್ನು ಒಟ್ಟಿಗೇ ನೋಡುತ್ತದೆ. ಅದರೊಳಗೆ ಮುಖ ಎಲ್ಲಿ ಉಂಟು ಎಂದು ಹುಡುಕಿ, ಅಷ್ಟನ್ನೇ ಕತ್ತರಿಸಿ ಹಿಗ್ಗಿಸಿ ತೋರಿಸುವುದು ಸಾಫ್ಟ್‌ವೇರ್. ಆ್ಯಪಲ್‌ನವರು 2021ರ ಐಪ್ಯಾಡ್ ಪ್ರೋದಲ್ಲಿ ಸೆಂಟರ್ ಸ್ಟೇಜ್ ಎಂದು ಇದನ್ನು ತಂದರು. 2022ರ ಮಾರ್ಚಿನಲ್ಲಿ ಸ್ಟುಡಿಯೊ ಡಿಸ್‌ಪ್ಲೇ ಎಂಬ ಮಾನಿಟರಿಗೂ ಹಾಕಿದರು. 27 ಇಂಚು, 5ಕೆ, ಆಗ ಇಲ್ಲಿ ಬೆಲೆ 1,59,900 ರೂಪಾಯಿಯಿಂದ ಶುರುವಾಗುತ್ತಿತ್ತು. ಅದರದ್ದು 12 ಮೆಗಾಪಿಕ್ಸೆಲಿನ ಕ್ಯಾಮೆರಾ, 122 ಡಿಗ್ರಿ ಅಗಲ ನೋಡುತ್ತದೆ.

ಮಾವ: 12 ಮೆಗಾಪಿಕ್ಸೆಲ್ ಕಡಿಮೆ ಅಲ್ಲವಲ್ಲ.

ಅಳಿಯ: ಆ ಹನ್ನೆರಡು ಅಷ್ಟು ಅಗಲಕ್ಕೆ ಹಂಚಿ ಹೋಗುತ್ತದೆ. ನನ್ನ ಮುಖದ ಪಾಲಿಗೆ ಬರುವುದು ಅದರ ಒಂದು ತುಂಡು. ಸೆನ್ಸರು ಮೊದಲೇ ಚಿಕ್ಕದು, ಅದರಲ್ಲೂ ತುಂಡು. ಬೆಳಕು ಕಡಿಮೆಯಾದರೆ ಚುಕ್ಕಿ ಚುಕ್ಕಿ ಏಳುತ್ತದೆ. ಚುಕ್ಕಿ ಒರೆಸಲಿಕ್ಕೆ ಸಾಫ್ಟ್‌ವೇರು ಉಜ್ಜುತ್ತದೆ, ಉಜ್ಜಿದಾಗ ಗಡ್ಡವೂ ಹೋಗುತ್ತದೆ.

ಮಾವ: ಅಂದರೆ ಬೇಡದ ಸೌಕರ್ಯ ಕೊಡಲಿಕ್ಕೆ ಹೋಗಿ ಬೇಕಾದ ಚಿತ್ರ ಹಾಳು ಮಾಡಿದರು.

ಅಳಿಯ: ಬೇಡದ್ದು ಎಂದು ಹೇಗೆ ಹೇಳುತ್ತೀರಿ? ಅಕ್ಕ ಮಸ್ಕತ್‌ನಿಂದ ಕಾಲ್ ಮಾಡಿದಾಗ ಅಮ್ಮ ಒಂದು ಕಡೆ ಕೂರುತ್ತಾರಾ? ಮಾತಾಡುತ್ತಲೇ ಒಳಗೆ ಹೋಗುತ್ತಾರೆ, ಬರುತ್ತಾರೆ. ಆ ಹೊತ್ತಿಗೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ.

ಈ ಮಾತಿಗೆ ಮಾವ ತಲೆಯಾಡಿಸಿದರು. ಆದರೆ ಅವರ ಮನಸ್ಸು ಇನ್ನೊಂದು ಕಡೆ ಸಿಕ್ಕಿಕೊಂಡಿತ್ತು: ಇಷ್ಟು ಬೆಲೆಯ ವಸ್ತು ಪರೀಕ್ಷೆ ಮುಗಿಯದೆ ಅಂಗಡಿಗೆ ಬರುವುದು ಹೇಗೆ?

ಅಳಿಯ: ಆ್ಯಪಲ್‌ನ ಕಥೆಯೇ ಕೇಳಿ. ಮಾನಿಟರು ಮಾರಾಟಕ್ಕೆ ಬರುವ ಹೊತ್ತಿಗೇ ದಿ ವರ್ಜ್, ವಾಲ್ ಸ್ಟ್ರೀಟ್ ಜರ್ನಲ್ ವಿಮರ್ಶಕರು ಕ್ಯಾಮೆರಾ ಚೆನ್ನಾಗಿಲ್ಲ ಎಂದು ಬರೆದರು. ಕಂಪನಿ ಅಲ್ಲಗಳೆಯಲಿಲ್ಲ, ಎಣಿಸಿದ ಹಾಗೆ ಕೆಲಸ ಮಾಡುತ್ತಿಲ್ಲ, ಸಾಫ್ಟ್‌ವೇರಿನಲ್ಲಿ ಸರಿ ಮಾಡುತ್ತೇವೆ ಎಂದಿತು. ಮೇ ತಿಂಗಳಲ್ಲಿ 15.5 ಎಂಬ ಫರ್ಮ್‌ವೇರ್, ಅಂದರೆ ಮಾನಿಟರಿನೊಳಗಿನ ಸಾಫ್ಟ್‌ವೇರ್, ಬಂತು. ಚುಕ್ಕಿ ಕಡಿಮೆಯಾಯಿತು, ಕಾಂಟ್ರಾಸ್ಟ್ ಸುಧಾರಿಸಿತು, ಮುಖದ ಹತ್ತಿರ ತೀರಾ ಬಿಗಿಯಾಗಿದ್ದ ಚೌಕಟ್ಟು ಸಡಿಲವಾಯಿತು.

ಮಾವ: ಪೂರ್ತಿ ಸರಿಯಾಯಿತಾ?

ಅಳಿಯ: ಪೂರ್ತಿ ಇಲ್ಲ. ಸ್ವಲ್ಪ ಸುಧಾರಿಸಿತು, ಆದರೂ ಈ ಬೆಲೆಗೆ ಸಾಲದು ಎಂದೇ ನೋಡಿದವರು ಹೇಳಿದರು. ಆದರೆ ಒಂದು ಮಾತು ನೀವು ಒಪ್ಪಬೇಕು. ನೀವು ಮಾರಿದ ಟಿವಿ ಮನೆಗೆ ಹೋದ ಮೇಲೆ ತಾನಾಗಿ ಉತ್ತಮವಾದದ್ದುಂಟಾ? ಇದು ಆಯಿತು. ಎಲ್ಲಿಯೂ ಹೊತ್ತುಕೊಂಡು ಹೋಗಲಿಲ್ಲ, ಯಾರೂ ಬಿಚ್ಚಲಿಲ್ಲ.

ಮಾವ: ತಾನಾಗಿ ಉತ್ತಮ ಆಗುತ್ತಿರಲಿಲ್ಲ, ಸರಿ. ಆದರೆ ಕೆಟ್ಟ ಟಿವಿಯನ್ನು ನಾನು ಯಾರನ್ನೂ ಕೇಳದೆ ಸರಿ ಮಾಡುತ್ತಿದ್ದೆ. ಸರ್ಕ್ಯೂಟ್ ಡಯಾಗ್ರಂ ಪುಸ್ತಕ ಸಿಗುತ್ತಿತ್ತು. ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಮಂಗಳೂರಿನಿಂದ ತರುತ್ತಿದ್ದೆ, ಕೆಪಾಸಿಟರ್ ಉಬ್ಬಿದರೆ ಕಿತ್ತು ಹೊಸದು ಸೋಲ್ಡರ್ ಮಾಡುತ್ತಿದ್ದೆ. ಈ ಫರ್ಮ್‌ವೇರ್ ಎಂಬುದನ್ನು ನಾನು ಬಿಡಿಸಿ ನೋಡಬಹುದಾ?

ಅಳಿಯ: ಸಾಧ್ಯವಿಲ್ಲ. ಕಂಪನಿ ಅದಕ್ಕೆ ಡಿಜಿಟಲ್ ಸಹಿ ಹಾಕುತ್ತದೆ, ಸಹಿ ಇಲ್ಲದ್ದನ್ನು ಮಾನಿಟರು ಒಳಗೆ ಬಿಡುವುದಿಲ್ಲ. 2022ರ ಏಪ್ರಿಲಿನಲ್ಲಿ ಇದರಿಂದಲೇ ಒಂದು ಗೊಂದಲ ಆಯಿತು. ಆ ಸ್ಟುಡಿಯೊ ಡಿಸ್‌ಪ್ಲೇಯ ಒಳಗೆ ಇರುವುದು 2019ರ ಐಫೋನ್ 11ರ ಎ13 ಚಿಪ್ಪು, ನಡೆಯುವುದು ಐಫೋನಿನ ಐಒಎಸ್‌ನದ್ದೇ ಒಂದು ರೂಪ. ಫೋನಿಗೆ ಹೊಸ ಆವೃತ್ತಿ ಬಂತೆಂದು ಕಂಪನಿ ಹಳೆಯ 15.4ಕ್ಕೆ ಸಹಿ ಹಾಕುವುದು ನಿಲ್ಲಿಸಿತು. ಮಾನಿಟರುಗಳು ಬೇಡುತ್ತಿದ್ದದ್ದು ಅದನ್ನೇ. ಕೆಲವರಿಗೆ ಅಪ್‌ಡೇಟ್ ಅರ್ಧಕ್ಕೆ ನಿಂತಿತು.

ಮಾವ: ನನ್ನ ಮನೆಯ ಚಾವಡಿಯಲ್ಲಿ ಇರುವ ಮಾನಿಟರು ಅಮೆರಿಕದ ಸಹಿಗೆ ಕಾದು ಕೂರಬೇಕಾ!

ಅಳಿಯ: ಕಾಯಬೇಕು, ಅದಕ್ಕೆ ಕಾರಣವೂ ಉಂಟು. ಮನೆಯೊಳಗೆ ನೋಡುವ ಕ್ಯಾಮೆರಾ ಇದು, ಕೇಳುವ ಮೈಕು ಇದು. ಯಾರು ಬೇಕಾದರೂ ಅದರ ಫರ್ಮ್‌ವೇರ್ ಬದಲಾಯಿಸಬಹುದು ಎಂದಾದರೆ ನೀವು ಅದರ ಎದುರು ಕೂರುತ್ತೀರಾ? ಆ ಸಹಿ ನಿಮ್ಮ ಮನೆಯ ಬಾಗಿಲಿನ ಚಿಲಕ.

ಮಾವ ಕೂಡಲೇ ಉತ್ತರಿಸಲಿಲ್ಲ. ಇದು ಸುಲಭಕ್ಕೆ ತಳ್ಳಿಹಾಕುವ ವಾದವಲ್ಲ. ತೆರೆದಿಟ್ಟ ಯಂತ್ರವನ್ನು ಯಾರು ಬೇಕಾದರೂ ರಿಪೇರಿ ಮಾಡಬಹುದು, ಯಾರು ಬೇಕಾದರೂ ಕೆಡಿಸಬಹುದು. ಪಿಕ್ಚರ್ ಟ್ಯೂಬಿನ ಟಿವಿಗೆ ಮನೆಯೊಳಗೆ ನೋಡುವ ಶಕ್ತಿ ಇರಲಿಲ್ಲವಾದ್ದರಿಂದ ಆಗ ಈ ಭಯವೂ ಇರಲಿಲ್ಲ.

ಮಾವ: ಚಿಲಕ ಬೇಕು, ಒಪ್ಪಿದೆ. ಹಾಗಾದರೆ ಅದರ ಮೇಲೊಂದು ಮುಚ್ಚಳ ಇಡಲಿಕ್ಕೆ ಏನು ಅಡ್ಡಿ? ಸಣ್ಣ ಪ್ಲಾಸ್ಟಿಕ್ ಸಾಕು. ಬೇಕಾದಾಗ ತೆರೆ, ಬೇಡವಾದಾಗ ಮುಚ್ಚು.

ಅಳಿಯ: ಕೆಲವರು ಕೊಡುತ್ತಾರೆ. ಡೆಲ್‌ನವರು 2022ರಲ್ಲಿ ತಂದ 32 ಇಂಚಿನ ಅಲ್ಟ್ರಾಶಾರ್ಪ್‌ನಲ್ಲಿ 4ಕೆ ಕ್ಯಾಮೆರಾ ಉಂಟು, ಅದಕ್ಕೆ ತಾನಾಗಿ ಮುಚ್ಚುವ ಶಟರ್ ಉಂಟು. ಸ್ಯಾಮ್‌ಸಂಗ್ 2023ರ ವ್ಯೂಫಿನಿಟಿ ಎಸ್9ರಲ್ಲಿ ಇನ್ನೂ ಮುಂದೆ ಹೋಯಿತು. ಅದೂ 5ಕೆ, ಆದರೆ ಕ್ಯಾಮೆರಾ ಬೇರೆ. ನೆತ್ತಿಯ ಮೇಲೆ ಅಂಟಿಸಬಹುದು, ತೆಗೆದು ಡ್ರಾಯರಿಗೆ ಹಾಕಬಹುದು.

ಮಾವ: ನೋಡು, ಅದು ತಿಳಿದವರ ಕೆಲಸ! ಬೇರೆ ಮಾಡಲಿಕ್ಕೆ ಬರುವುದನ್ನು ಒಟ್ಟಿಗೆ ಕಟ್ಟಬಾರದು. ಈ ಗಾಜಿನ ಪ್ಯಾನೆಲ್ ಜಾಗ್ರತೆಯಿಂದ ಇಟ್ಟರೆ ಹನ್ನೆರಡು, ಹದಿನೈದು ವರ್ಷ ಬಾಳುತ್ತದೆ. ಸಾಫ್ಟ್‌ವೇರಿಗೆ ಕಂಪನಿ ಅಷ್ಟು ವರ್ಷ ಅನ್ನ ಹಾಕುತ್ತದಾ? ಒಂದು ನೊಗಕ್ಕೆ ಎಳೆಯ ಕೋಣ, ಮುದಿ ಕೋಣ ಕಟ್ಟಿದರೆ ಉಳುವುದು ಮುದಿಯದ್ದರ ನಡಿಗೆಯಲ್ಲೇ.

ಅಳಿಯ: ಬೇರೆ ಕ್ಯಾಮೆರಾ ತಂದರೂ ಅದಕ್ಕೂ ಸಾಫ್ಟ್‌ವೇರ್ ಬೇಕಲ್ಲ. ಇವತ್ತು ಬರೀ ಗಾಜಿನ ಮೇಲೆ ನಡೆಯುವ ಕ್ಯಾಮೆರಾ ಯಾವುದುಂಟು?

ಮಾವ: ನಿನ್ನ ಹಳೆಯ ಲಾಜಿಟೆಕ್ ಕ್ಯಾಮೆರಾ ಅಕ್ಕನ ಮಗಳು ಕ್ಲಾಸಿಗೆ ಉಪಯೋಗಿಸುತ್ತಾಳಲ್ಲ, ಅದಕ್ಕೆ ಯಾವ ಆ್ಯಪ್ ಹಾಕಿದ್ದೀ?

ಅಳಿಯನಿಗೆ ಇಲ್ಲಿ ತಾನೇ ವಿಷಯ ಬಿಡಿಸಿ ಹೇಳಬೇಕಾಯಿತು. ಆ ಕ್ಯಾಮೆರಾ ಸಿ920, ಮಾರುಕಟ್ಟೆಗೆ ಬಂದದ್ದು 2012ರಲ್ಲಿ. ಇವತ್ತಿಗೂ ಯಾವ ಕಂಪ್ಯೂಟರಿಗೆ ಚುಚ್ಚಿದರೂ ನಡೆಯುತ್ತದೆ. ಕಾರಣ ಯುಎಸ್‌ಬಿ ವಿಡಿಯೊ ಕ್ಲಾಸ್, ಜನ ಯುವಿಸಿ ಎನ್ನುವ ಮಾನದಂಡ. 2003ರಲ್ಲಿ ಮೊದಲ ಬಾರಿ ಬಂದದ್ದು. ಕ್ಯಾಮೆರಾ ಮಾಡುವವರು, ಕಂಪ್ಯೂಟರ್ ಮಾಡುವವರು ಒಂದೇ ಭಾಷೆ ಮಾತಾಡಬೇಕೆಂಬ ಒಪ್ಪಂದ ಅದು. ಮಾನಿಟರಿನೊಳಗಿನ ಕ್ಯಾಮೆರಾಗಳೂ ಸಾಮಾನ್ಯವಾಗಿ ಇದೇ ದಾರಿಯಲ್ಲಿ ಚಿತ್ರ ಕಳುಹಿಸುತ್ತವೆ. ಸ್ಟುಡಿಯೊ ಡಿಸ್‌ಪ್ಲೇಯನ್ನು ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿದರೂ ಕ್ಯಾಮೆರಾ, ಸ್ಪೀಕರ್ ಕೆಲಸ ಮಾಡುತ್ತವೆ. ಆದರೆ ಸೆಂಟರ್ ಸ್ಟೇಜ್ ಅಲ್ಲಿ ಸಿಗುವುದಿಲ್ಲ, ಫರ್ಮ್‌ವೇರ್ ಅಪ್‌ಡೇಟಿಗೆ ಮ್ಯಾಕ್ ಬೇಕೇ ಬೇಕು. ಚಿತ್ರ ಎಲ್ಲರಿಗೂ, ಹಿಡಿತ ಒಬ್ಬರಿಗೆ.

ಮಾವ: ಅಷ್ಟೇ ನಾನು ಹೇಳುವುದು. ಹಿಡಿತ ನನ್ನ ಕೈಯಲ್ಲಿ ಇರಲಿ.

ಅಳಿಯ: ಹಿಡಿತ ಕೊಟ್ಟ ಕೂಡಲೇ ಚಿತ್ರ ಚೆನ್ನಾಗುವುದಿಲ್ಲ ಮಾವ. ಮಾನಿಟರಿನ ಅಂಚು ಎಷ್ಟು ತೆಳು ನೋಡಿ. ಅಷ್ಟು ಜಾಗಕ್ಕೆ ದೊಡ್ಡ ಸೆನ್ಸರು, ದಪ್ಪ ಲೆನ್ಸು ಹಿಡಿಸುವುದಿಲ್ಲ. ಲೆನ್ಸಿನಲ್ಲಿ ಆಗದ್ದನ್ನು ಚಿಪ್ಪು ಲೆಕ್ಕ ಹಾಕಿ ತುಂಬಿಸಬೇಕು. ಫೋನು ರಾತ್ರಿಯಲ್ಲೂ ಒಳ್ಳೆಯ ಫೋಟೊ ತೆಗೆಯುವುದು ಇದರಿಂದಲೇ. ಸಾಫ್ಟ್‌ವೇರ್ ಬೇಡ ಎಂದರೆ ಮಾನಿಟರಿನ ನೆತ್ತಿಗೆ ಡಬ್ಬಿಯ ಹಾಗಿರುವ ಕ್ಯಾಮೆರಾ ಇಟ್ಟುಕೊಳ್ಳಬೇಕು.

ಮಾವ: ಇಟ್ಟುಕೊಳ್ಳುವ. ನನಗೆ ಅಂದ ಕೆಡುವುದಿಲ್ಲ.

ಅಳಿಯ: ನನಗೆ ಕೆಡುತ್ತದೆ. ಇಡೀ ದಿನ ಅದರ ಎದುರು ಕೂರುವವನು ನಾನು.

ದೂರದಲ್ಲಿ ಗುಡುಗಿತು. ತುಲಾ ತಿಂಗಳ ಸಿಡಿಲು ಕರಾವಳಿಯವರಿಗೆ ಹೊಸತಲ್ಲ. ಲ್ಯಾಂಡ್‌ಲೈನ್ ಕಾಲದಲ್ಲಿ ತಂತಿಯೊಳಗೆ ಬಂದು ಫೋನು, ಮೋಡೆಮ್ ಸುಟ್ಟುಹಾಕಿದ ನೆನಪು ಎಷ್ಟೋ ಮನೆಗಳಲ್ಲಿ ಉಂಟು. ಫೈಬರಿನಲ್ಲಿ ಕರೆಂಟು ಹರಿಯದ ಕಾರಣ ಆ ದಾರಿ ಮುಚ್ಚಿದೆ. ಗೋಡೆಯ ಪ್ಲಗ್ಗಿನ ದಾರಿ ಹಾಗೇ ಇದೆ. ಮಾವ ಎದ್ದು ಮಾನಿಟರಿನ ಸ್ವಿಚ್ಚು ಹುಡುಕಿದರು. ಹಿಂದೆ, ಕೆಳಗೆ, ಬದಿಯಲ್ಲಿ ಕೈಯಾಡಿಸಿದರು.

ಅಳಿಯ: ಸ್ವಿಚ್ಚು ಇಲ್ಲ. ಗೋಡೆಯಿಂದಲೇ ತೆಗೆಯಬೇಕು. ಸ್ಟುಡಿಯೊ ಡಿಸ್‌ಪ್ಲೇಗೂ ಇಲ್ಲ. ಅದು ಬಂದ ವರ್ಷವೇ ಅದರ ಸ್ಪೀಕರಿನಲ್ಲಿ ಸ್ವರ ಕಡಿದು ಕಡಿದು ಬರುವ ದೂರು ಬಂತು, ಅದಕ್ಕೆ ಮದ್ದು ಪ್ಲಗ್ ತೆಗೆದು ಹಾಕುವುದು. ಆಮೇಲೆ ಅದಕ್ಕೂ ಫರ್ಮ್‌ವೇರ್ ಕೊಟ್ಟರು.

ಮಾವ ಪ್ಲಗ್ ತೆಗೆದರು. ಪರದೆ ಕಪ್ಪಾಯಿತು. ಅಳಿಯ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ಇಟ್ಟುಕೊಂಡು ಇಮೇಲ್ ಮುಂದುವರಿಸಿದ.

ಮಾವ: ಸ್ಪೀಕರಿನ ಸ್ವರ ಕಡಿದರೆ ನಾನು ಮೊದಲು ಹುಡುಕುತ್ತಿದ್ದದ್ದು ಡ್ರೈ ಸೋಲ್ಡರ್. ಈಗ ಹುಡುಕುವ ಜಾಗವೇ ಇಲ್ಲ. ತಪ್ಪು ತಂತಿಯದ್ದಾ, ಸಾಫ್ಟ್‌ವೇರಿನದ್ದಾ ಎಂದು ಕೊಂಡವನಿಗೆ ತಿಳಿಯುವುದೇ ಇಲ್ಲ. ನನಗೆ ಬೇಸರ ಅದೊಂದೇ.

ಅಳಿಯ: ತಂತಿಯದ್ದೇ ಆದ ಕಥೆಯೂ ಉಂಟು, ನಿಮಗೆ ಇಷ್ಟವಾಗಬಹುದು. ಎಲ್‌ಜಿಯ ಅಲ್ಟ್ರಾಫೈನ್ 5ಕೆ, 2016ರಲ್ಲಿ ಘೋಷಿಸಿದ್ದು. ವೈಫೈ ರೌಟರ್ ಹತ್ತಿರ ಇಟ್ಟರೆ ಚಿತ್ರ ನಡುಗುತ್ತಿತ್ತು, ನಿಂತೇ ಹೋಗುತ್ತಿತ್ತು.

ಮಾವ: ಶೀಲ್ಡಿಂಗ್ ಸಾಲದು!

ಅಳಿಯ: ಸರಿಯಾಗಿ ಹೇಳಿದಿರಿ. 2017ರ ಫೆಬ್ರವರಿಯ ನಂತರ ತಯಾರಾದದ್ದಕ್ಕೆ ಹೆಚ್ಚಿನ ಶೀಲ್ಡಿಂಗ್ ಹಾಕಿದರು.

ಮಾವ: ನಮ್ಮ ಟಿವಿಯ ಟ್ಯೂನರಿಗೆ ತಗಡಿನ ಪೆಟ್ಟಿಗೆ ಇರುತ್ತಿದ್ದದ್ದು ಯಾಕೆಂದುಕೊಂಡಿ? ಹೊರಗಿನ ಅಲೆ ಒಳಗೆ ಬರಬಾರದು, ಒಳಗಿನದ್ದು ಹೊರಗೆ ಹೋಗಬಾರದು. ಎಷ್ಟು ವರ್ಷದ ಪಾಠ ಅದು.

ಮಾವನ ಮುಖ ಅರಳಿದ್ದು ಕಂಡು ಅಳಿಯ ಇನ್ನೊಂದನ್ನು ಹೇಳಿದ. 2014ರ ಕೊನೆಗೆ ಬಂದ ಆ್ಯಪಲ್‌ನ 27 ಇಂಚಿನ 5ಕೆ ಐಮ್ಯಾಕ್‌ಗಳಿಗೆ ಈಗ ಹೊಸ ಮ್ಯಾಕ್‌ಒಎಸ್ ಇಲ್ಲ, ಒಳಗಿನ ಕಂಪ್ಯೂಟರ್ ಮುದಿಯಾಗಿದೆ. ಎಲ್‌ಜಿ ತಯಾರಿಸಿದ ಪ್ಯಾನೆಲ್ ಮಾತ್ರ ಇಂದಿಗೂ ಚೆನ್ನಾಗಿದೆ. ಆ ಸಾಲಿನ ಹಳೆಯ ಕೆಲವು ಮಾದರಿಗಳನ್ನು ಕೇಬಲ್ ಚುಚ್ಚಿ ಬರೀ ಮಾನಿಟರಾಗಿ ಬಳಸಬಹುದಿತ್ತು. 5ಕೆ ಬಂದಾಗ ಆ ಸೌಲಭ್ಯ ಹೋಯಿತು. ಹಾಗಾಗಿ ಕೈಚಳಕ ಇರುವವರು ಗಾಜು ಬಿಡಿಸಿ, ಒಳಗಿನ ಬೋರ್ಡು ತೆಗೆದು, ಚೀನಾದಿಂದ ಬರುವ ಡ್ರೈವರ್ ಬೋರ್ಡು ಕೂರಿಸಿ ಅದನ್ನೇ 5ಕೆ ಮಾನಿಟರ್ ಮಾಡಿಕೊಳ್ಳುತ್ತಿದ್ದಾರೆ.

ಮಾವ: ಗಾಜನ್ನು ಹೇಗೆ ಬಿಡಿಸುತ್ತಾರೆ?

ಅಳಿಯ: ಅಂಚಿನಲ್ಲಿ ಅಂಟು ಪಟ್ಟಿ ಉಂಟು. ತೆಳ್ಳಗಿನ ಚಕ್ರ ಹಾಕಿ ಸುತ್ತ ಕತ್ತರಿಸಿ, ಮೆಲ್ಲ ಎತ್ತಬೇಕು. ಬೇಗ ಎತ್ತಿದರೆ ಕೆಳಗಿನ ರಿಬ್ಬನ್ ಕೇಬಲ್ ಹರಿಯುತ್ತದೆ.

ಮಾವ: ಒಂದು ತರಿಸು. ನಾನು ಮಾಡುತ್ತೇನೆ.

ಅಳಿಯ: ಮಾಡುತ್ತೀರಿ, ಗೊತ್ತುಂಟು. ಆದರೆ ಎಲ್ಲರ ಮನೆಯಲ್ಲಿ ನಿಮ್ಮಂಥ ಮಾವ ಇಲ್ಲವಲ್ಲ. ನಮ್ಮ ತಂಡದಲ್ಲಿ ಹೆಚ್ಚಿನವರಿಗೆ ಪ್ಲಗ್ ಹಾಕಿದರೆ ನಡೆಯಬೇಕು, ಅಷ್ಟೇ. ಒಂದೇ ಕೇಬಲಿನಲ್ಲಿ ಚಿತ್ರ, ಸ್ವರ, ಕ್ಯಾಮೆರಾ, ಲ್ಯಾಪ್‌ಟಾಪಿನ ಚಾರ್ಜು ಎಲ್ಲ ಬರುವುದು ಸಣ್ಣ ಸೌಕರ್ಯವಲ್ಲ. ಬಿಡಿ ಬಿಡಿಯಾಗಿ ತಂದರೆ ನಾಲ್ಕು ಕಂಪನಿ, ನಾಲ್ಕು ವಾರಂಟಿ. ಕೆಟ್ಟಾಗ ಇವರು ಅವರ ಮೇಲೆ ಹೇಳುತ್ತಾರೆ, ಅವರು ಇವರ ಮೇಲೆ.

ಮಾವ: ಆ ಜಗಳ ನನಗೆ ಗೊತ್ತುಂಟು. ಆಂಟೆನಾದವ ಟಿವಿಯ ಮೇಲೆ ಹೇಳುತ್ತಿದ್ದ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ಎಂದು ಶುರು ಮಾಡಿತಲ್ಲ, ಅದರಿಂದ ಆಗುವುದೇನಾದರೂ ಉಂಟಾ?

ಅಳಿಯ: ಕಂಪನಿಗಳ ಮ್ಯಾನುವಲ್, ವಾರಂಟಿ, ಸರ್ವಿಸ್ ವಿವರ ಒಂದೇ ಕಡೆ ಸಿಗಲಿ ಎಂಬುದು ಅದರ ಉದ್ದೇಶ. ಬಿಡಿಭಾಗದ ಮಟ್ಟಿಗೆ ಒಳ್ಳೆಯದು. ನನ್ನ ತೊಂದರೆ ಬಿಡಿಭಾಗದ್ದಲ್ಲ. ಒಂದು ಸೆಟ್ಟಿಂಗು ಕರೆಂಟು ಹೋದಾಗ ಮರೆತುಹೋಗುತ್ತದೆ, ಅಷ್ಟೇ. ಅದಕ್ಕೆ ಯಾವ ಸ್ಕ್ರೂ ಬಿಚ್ಚುವುದು?

ಗುಡುಗು ದೂರ ಸರಿದ ಮೇಲೆ ಪ್ಲಗ್ ಮತ್ತೆ ಗೋಡೆ ಸೇರಿತು. ಕ್ಯಾಮೆರಾ ಹಾಕಿದಾಗ ಅಳಿಯ ಹೇಳಿದಂತೆಯೇ ಆಯಿತು: ಚೌಕಟ್ಟು ತಾನಾಗಿ ಮುಖ ಹುಡುಕತೊಡಗಿತ್ತು. ಮಾವ ಈ ಸಲ ಪರದೆಗಿಂತ ಕೋಣೆಯನ್ನು ಹೆಚ್ಚು ನೋಡಿದರು. ಕುರ್ಚಿಯ ಬೆನ್ನಿಗೆ ಅಂಗಳದ ಕಿಟಕಿ. ಮೋಡ ಸರಿದು ಅಂಗಳ ಬೆಳಗುತ್ತಿತ್ತು, ಚಾವಡಿಯ ಒಳಗೆ ಕತ್ತಲೆ. ಕ್ಯಾಮೆರಾ ಹೊರಗಿನ ಬೆಳಕಿಗೆ ಹೊಂದಿಕೊಂಡರೆ ಮುಖ ಕಪ್ಪು, ಮುಖಕ್ಕೆ ಹೊಂದಿಕೊಂಡರೆ ಚುಕ್ಕಿ. ಇಬ್ಬರೂ ಸೇರಿ ಮೇಜನ್ನು ತಿರುಗಿಸಿ, ಕಿಟಕಿ ಎದುರಾಗುವಂತೆ ಇಟ್ಟರು. ಅಳಿಯನ ಗಡ್ಡದ ಕೂದಲು ಪರದೆಯಲ್ಲಿ ಕಾಣಿಸಿಕೊಂಡಿತು.

ಅಳಿಯ: ಅರೆ! ಇದು ನನಗೆ ಹೊಳೆಯಲೇ ಇಲ್ಲ. ಹಾಗಾದರೆ ಅರ್ಧ ತಪ್ಪು ಮಾನಿಟರಿನದ್ದಲ್ಲ ಎಂದಾಯಿತು ಮಾವ. ಇಮೇಲಿನಲ್ಲಿ ಅದನ್ನು ಬರೆಯುತ್ತೇನೆ.

ಮಾವ: ಬರೆ. ಆದರೆ ಆಟಿ ತಿಂಗಳ ಮಳೆಯಲ್ಲಿ ಮೂರು ಗಂಟೆಗೇ ಕತ್ತಲಾಗುತ್ತದೆ, ಆಗ ಕಿಟಕಿ ಎಲ್ಲಿಗೆ ತಿರುಗಿಸುತ್ತೀ? ಇಷ್ಟು ಹಣ ತೆಗೆದುಕೊಂಡವರು ಹಂಚಿನ ಮನೆಯ ಬೆಳಕಿನಲ್ಲೂ ಪರೀಕ್ಷೆ ಮಾಡಬೇಕು. ಎಲ್ಲರೂ ಗಾಜಿನ ಕಟ್ಟಡದಲ್ಲಿ ಕೂರುವುದಿಲ್ಲ.

ಅಳಿಯ: 2021ರ ಜೂನಿನಲ್ಲಿ ಸುಳ್ಯದ ಗುತ್ತಿಗಾರು ಹತ್ತಿರ, ಬಳ್ಳಕದಲ್ಲಿ, ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುವ ಮಗಳಿಗೆ ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತ ಫೋಟೊ ನೋಡಿದ್ದಿರಲ್ಲ. ಅದನ್ನು ನೆನೆದರೆ ಈ ದೂರು ಬರೆಯಲಿಕ್ಕೇ ಮುಜುಗರ ಆಗುತ್ತದೆ.

ಮಾವ: ಮುಜುಗರ ಯಾಕೆ? ಅವರಿಗೆ ಸಿಗ್ನಲ್ ಕೊಡದವರೂ, ನಿನಗೆ ಮರೆಗುಳಿ ಮಾನಿಟರು ಕೊಟ್ಟವರೂ ಯೋಚಿಸುವುದು ಪೇಟೆಯಲ್ಲಿ ಕೂತೇ. ಕರೆಂಟು ಹೋಗುವ ಊರು, ಮಳೆ ಹೊಯ್ಯುವ ಊರು ಅವರ ಲೆಕ್ಕದಲ್ಲಿ ಇಲ್ಲ. ನೀನು ಬರೆದರೆ ಒಬ್ಬನಾದರೂ ಓದುತ್ತಾನೆ.

ಅಳಿಯ ಬರೆದದ್ದನ್ನು ಓದಿ ಹೇಳಿದ: ಪರದೆಗೆ ಪೂರ್ಣ ಅಂಕ, ಕ್ಯಾಮೆರಾ ಒಳ್ಳೆಯ ಬೆಳಕಿನಲ್ಲಿ ಸಾಧಾರಣ, ಕಡಿಮೆ ಬೆಳಕಿನಲ್ಲಿ ಸಾಲದು, ಆಫೀಸಿನ ಲ್ಯಾಪ್‌ಟಾಪಿನಿಂದ ಸೆಟ್ಟಿಂಗು ಬದಲಿಸಲಾಗುವುದಿಲ್ಲ, ಕರೆಂಟು ಹೋದರೆ ಉಳಿಯುವುದಿಲ್ಲ. ಐಟಿ ವಿಭಾಗ ಆ ಆ್ಯಪಿಗೆ ಒಪ್ಪಿಗೆ ಕೊಡುವುದಾದರೆ ಕೊಳ್ಳಬಹುದು.

ಮಾವ: ಒಂದು ಸಾಲು ಸೇರಿಸು. ಸಾಫ್ಟ್‌ವೇರು ಎಷ್ಟು ವರ್ಷ ಕೊಡುತ್ತೀರಿ, ಅದು ನಿಂತ ಮೇಲೆ ಕ್ಯಾಮೆರಾ ಸಾದಾ ಕ್ಯಾಮೆರಾ ಆಗಿ ನಡೆಯುತ್ತದಾ, ಬರೆದು ಕೊಡಿ ಎಂದು ಮಾರುವವರನ್ನು ಕೇಳಲಿ.

ಅಳಿಯ: ಯಾವ ಕಂಪನಿ ಬರೆದು ಕೊಡುತ್ತದೆ ಮಾವ?

ಮಾವ: ಕೇಳಿದವರು ಎಷ್ಟು ಜನ ಉಂಟು? ಒಟ್ಟಿಗೆ ಹತ್ತು ಮಾನಿಟರು ಕೊಳ್ಳುವವರು ಕೇಳಿದರೆ ಉತ್ತರ ಕೊಡಲೇಬೇಕು.

ಅಳಿಯ: ಕೊಡದಿದ್ದರೆ?

ಮಾವ: ಕೊಡದಿದ್ದರೆ ಕ್ಯಾಮೆರಾ ಇಲ್ಲದ ಪರದೆ ತರಲಿ. ಆ್ಯಪಲ್‌ನವರದ್ದೇ ಇನ್ನೂ ದುಬಾರಿಯ 6ಕೆ ಪ್ರೋ ಡಿಸ್‌ಪ್ಲೇ 2019ರಲ್ಲಿ ಬಂತು, ಅದಕ್ಕೆ ಕ್ಯಾಮೆರಾ ಇಲ್ಲ ಎಂದು ನೀನೇ ಹೇಳಿದ್ದೀಯಲ್ಲ.

ಅಳಿಯ: ಅದು ಸಿನಿಮಾ, ಫೋಟೊ ಕೆಲಸದವರಿಗೆ. ನಾವು ದಿನಕ್ಕೆ ನಾಲ್ಕು ಮೀಟಿಂಗು ಕೂರುವವರು. ಸಾಲು ಸೇರಿಸುತ್ತೇನೆ, ಆದರೆ ಶರತ್ತು ಎಂದು ಅಲ್ಲ, ಪ್ರಶ್ನೆ ಎಂದು.

ಮಾವ: ಶರತ್ತು ಎಂದೇ ಹಾಕು.

ಅಳಿಯ ಪ್ರಶ್ನಾರ್ಥಕ ಚಿಹ್ನೆ ಹಾಕಿದ. ಮಾವ ಅದನ್ನು ತೆಗೆಸಲಿಕ್ಕೆ ಇನ್ನೂ ವಾದಿಸುತ್ತಿದ್ದರು.